ಕಾರಿನ ಗಾಜಿಗೆ ಅಂಟಿಸಿದ ಚೀಟಿಯ ಕಥೆ

ಅಮ್ಮ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವುದನ್ನು ನೋಡುತ್ತಲೇ ಬೆಳೆದವನು ನಾನು. ಅವಳು ಐದು ರೂಪಾಯಿಗೆ ಮೂರು ಕಟ್ಟು ಅನ್ನುವುದು, ಅಮ್ಮ ನಾಲ್ಕು ಕೊಡು ಅನ್ನುವುದು, ಅವಳು ಬುಟ್ಟಿ ಎತ್ತಿದಂತೆ ಮಾಡುವುದು, ಅಮ್ಮ ಒಳಗೆ ಹೋದಂತೆ ಮಾಡುವುದು, ಕೊನೆಗೆ ಮೂರು ಕಟ್ಟಿನ ಮೇಲೆ ಒಂದಿಷ್ಟು ಕರಿಬೇವು ಬಂದು ಬೀಳುವುದು... ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತ ಗಾದೆಯೇ ಇದೆಯಲ್ಲ. ಆ ವಿದ್ಯೆ ನನಗೂ ರಕ್ತದಲ್ಲೇ ಬಂದಿದೆ ಎಂಬ ಧೈರ್ಯದಲ್ಲಿ, ಅಮೆರಿಕಾದಲ್ಲಿದ್ದಾಗ ಮೊದಲ ಹೊಸ ಕಾರು ಕೊಳ್ಳಲು ಹೋದೆ.

ನಾಲ್ಕು ಗಂಟೆ ಕೂತೆ. ಮಾರುವವನು ಐದು ಸಲ "ಮ್ಯಾನೇಜರನ್ನು ಕೇಳಿ ಬರುತ್ತೇನೆ" ಅಂತ ಒಳಗೆ ಹೋಗಿ ಬಂದ. ಪ್ರತಿ ಸಲವೂ ಮುಖ ಸಪ್ಪಗೆ ಮಾಡಿಕೊಂಡು ನೂರೋ ಇನ್ನೂರೋ ಡಾಲರ್ ಇಳಿಸಿದ. ಕಿಟಕಿಗೆ ಅಂಟಿಸಿದ್ದ ಬೆಲೆಗಿಂತ 600 ಡಾಲರ್ ಕಡಿಮೆಗೆ ಕಾರು ತಂದಾಗ ಯುದ್ಧ ಗೆದ್ದಂತಿತ್ತು. ಸೋಮವಾರ ಆಫೀಸಿನಲ್ಲಿ ಪಕ್ಕದ ಸೀಟಿನ ಅಮೆರಿಕನ್ ಗೆಳೆಯ ಬಾಯಿಬಿಟ್ಟ. ಅದೇ ಕಾರು, ಅದೇ ಮಾಡೆಲ್, ನನಗಿಂತ 800 ಡಾಲರ್ ಕಡಿಮೆಗೆ! ಅವನೇನು ದೊಡ್ಡ ಮಾತುಗಾರನಲ್ಲ. ಗುಡ್ ಮಾರ್ನಿಂಗ್ ಹೇಳುವುದಕ್ಕೂ ಕಷ್ಟಪಡುವ ಆಸಾಮಿ.

ದುಡ್ಡಿಗಿಂತ ಹೆಚ್ಚಾಗಿ ಕಾಡಿದ್ದು ಒಂದು ಪ್ರಶ್ನೆ. ಟೂತ್‌ಪೇಸ್ಟಿನಿಂದ ಹಿಡಿದು ಟೀವಿಯವರೆಗೆ ಎಲ್ಲಕ್ಕೂ ಒಂದೇ ಬೆಲೆ ಇರುವ ದೇಶದಲ್ಲಿ ಕಾರಿಗೆ ಮಾತ್ರ ಯಾಕೆ ಈ ಸಂತೆ ವ್ಯಾಪಾರ? ಹುಡುಕುತ್ತ ಹೋದರೆ ಸೊಗಸಾದ ಇತಿಹಾಸವೇ ಸಿಕ್ಕಿತು.

ನಿಗದಿತ ಬೆಲೆ ಅನ್ನುವುದು ಅಲ್ಲೂ ಮೊದಲಿನಿಂದ ಇರಲಿಲ್ಲ. ಎಲ್ಲರಿಗೂ ಒಂದೇ ಬೆಲೆ ಹೇಳುವುದು ಧರ್ಮ ಎಂದು ನಂಬಿದ್ದ ಕ್ವೇಕರ್ ಪಂಥದ ವ್ಯಾಪಾರಿಗಳಿದ್ದರು. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಜಾನ್ ವಾನಮೇಕರ್ ತೆರೆದ ಭಾರಿ ಅಂಗಡಿ, ಬೆಲೆ ಚೀಟಿಯನ್ನು ಜನಪ್ರಿಯ ಮಾಡಿದವುಗಳಲ್ಲಿ ಒಂದು. ಆಮೇಲೆ ಚೌಕಾಸಿ ನಿಧಾನವಾಗಿ ಅಂಗಡಿಗಳಿಂದ ಮಾಯವಾಯಿತು.

ಕಾರಿನಲ್ಲಿ ಉಳಿದುಕೊಂಡದ್ದಕ್ಕೆ ಮುಖ್ಯ ಕಾರಣ ಹಳೆ ಕಾರು. 1920ರ ದಶಕದ ಹೊತ್ತಿಗೆ ಹೊಸ ಕಾರು ಕೊಳ್ಳಲು ಬರುವವರಲ್ಲಿ ಬಹಳ ಜನ ಹಳೆಯದೊಂದನ್ನು ಓಡಿಸಿಕೊಂಡೇ ಬರುತ್ತಿದ್ದರು. ಅದನ್ನು ಕೊಟ್ಟು, ಮೇಲೊಂದಿಷ್ಟು ಹಣ ಹಾಕಿ ಹೊಸದನ್ನು ಒಯ್ಯುವುದು. ಅಂದರೆ ಒಂದೇ ಮೇಜಿನ ಮೇಲೆ ಎರಡು ವ್ಯಾಪಾರ. ಹೊಸದಕ್ಕೆ ಬೆಲೆ ಬರೆಯಬಹುದು, ಹಳೆಯದಕ್ಕೆ ಬರೆಯುವವರು ಯಾರು? 1926ರಲ್ಲಿ ಲಾಸ್ ಏಂಜಲಿಸ್‌ನ ಲೆಸ್ ಕೆಲ್ಲಿ ಹಳೆ ಕಾರುಗಳ ಬೆಲೆಯ 'ಬ್ಲೂ ಬುಕ್' ಹೊರತಂದ. ಆದರೆ ಅದು ವ್ಯಾಪಾರಸ್ಥರಿಗೆ, ಬ್ಯಾಂಕಿನವರಿಗೆ. ಸಾಮಾನ್ಯ ಗ್ರಾಹಕರಿಗಾಗಿ ಅದರ ಆವೃತ್ತಿ ಬಂದದ್ದು 1993ರಲ್ಲಿ! ಅರವತ್ತೇಳು ವರ್ಷ ಪುಸ್ತಕ ಮೇಜಿನ ಆ ಕಡೆಯೇ ಇತ್ತು ನೋಡಿ.

ಎರಡನೇ ಮಹಾಯುದ್ಧ ಮುಗಿದಾಗ ಕಾರಿಗೆ ಬರಗಾಲ. 1942ರಲ್ಲಿ ನಿಂತಿದ್ದ ಸಾರ್ವಜನಿಕರ ಕಾರುಗಳ ತಯಾರಿಕೆ ಮತ್ತೆ ಶುರುವಾಗಿ, ಬೇಡಿಕೆ ತೀರುವವರೆಗೆ ಡೀಲರು ಹೇಳಿದ್ದೇ ಬೆಲೆ. 1953-54ರ ಹೊತ್ತಿಗೆ ಗಾಳಿ ತಿರುಗಿತು. ಫೋರ್ಡ್ ಮತ್ತು ಷೆವರ್ಲೆ ಪೈಪೋಟಿಯಲ್ಲಿ ಬೇಡವೆಂದರೂ ಡೀಲರುಗಳ ಅಂಗಳಕ್ಕೆ ಕಾರು ತಂದು ಸುರಿದವು. ಅವನ್ನು ಖಾಲಿ ಮಾಡಲು ಡೀಲರುಗಳು ಹಿಡಿದ ದಾರಿಗಳಲ್ಲಿ ಒಂದು 'ಪ್ಯಾಕಿಂಗ್'. 2,000 ಡಾಲರಿನ ಕಾರಿಗೆ 2,400 ಅನ್ನುವುದು. 300 ಬಾಳುವ ಹಳೆ ಕಾರಿಗೆ ಧಾರಾಳವಾಗಿ 600 ಕೊಡುವುದು. ಗಿರಾಕಿ ಹಿಗ್ಗುತ್ತ ಹೋಗುತ್ತಾನೆ, ನೂರು ಡಾಲರ್ ಜಾಸ್ತಿ ಕೊಟ್ಟದ್ದು ಗೊತ್ತೇ ಆಗುವುದಿಲ್ಲ. (ಲೆಕ್ಕ ನನ್ನದು, ಉಪಾಯ ಅವರದು.)

ಇದಕ್ಕೆ ಮೂಗುದಾರ ಹಾಕಲು ಹೊರಟವನು ಓಕ್ಲಹೋಮಾದ ಸೆನೆಟರ್ ಮೈಕ್ ಮನ್ರೋನಿ, ಮೊದಲು ಪತ್ರಕರ್ತನಾಗಿದ್ದವನು. ಸಾಲುಸಾಲು ವಿಚಾರಣೆಗಳಾದ ಮೇಲೆ 1958ರ ಜುಲೈ 7ರಂದು ಕಾನೂನು ಬಂತು. ಪ್ರತಿ ಹೊಸ ಕಾರಿನ ಗಾಜಿನ ಮೇಲೆ ಕಂಪನಿ ಚೀಟಿ ಅಂಟಿಸಲೇಬೇಕು. ಕಾರಿನ ಬೆಲೆ ಎಷ್ಟು, ಹೆಚ್ಚುವರಿ ಜೋಡಣೆಗಳಿಗೆ ಎಷ್ಟು, ಸಾಗಣೆಗೆ ಎಷ್ಟು, ಜೋಡಿಸಿದ್ದು ಎಲ್ಲಿ, ಎಲ್ಲ ಅದರಲ್ಲಿರಬೇಕು. ಕೊಂಡವನ ಕೈಗೆ ಕಾರು ಸೇರುವ ಮೊದಲು ಅದನ್ನು ಕಿತ್ತರೆ ಶಿಕ್ಷೆ. ಇವತ್ತಿಗೂ ಆ ಚೀಟಿಯ ಹೆಸರು 'ಮನ್ರೋನಿ ಸ್ಟಿಕ್ಕರ್'.

ಆದರೆ ಆ ಬೆಲೆಗೇ ಮಾರಬೇಕು ಎಂದು ಕಾನೂನು ಹೇಳಲಿಲ್ಲ. ಅದು ಕಂಪನಿ ಸೂಚಿಸುವ ಬೆಲೆ, ಅಷ್ಟೆ. ಅಲ್ಲಿಗೆ ಮಾತು ಎಲ್ಲಿಂದ ಶುರುವಾಗಬೇಕು ಎಂದು ಗಿರಾಕಿಗೆ ತಿಳಿಯಿತು, ಎಲ್ಲಿಯವರೆಗೆ ಇಳಿಸಬಹುದು ಎಂದು ತಿಳಿಯಲಿಲ್ಲ. ಡೀಲರ್ ಕಂಪನಿಗೆ ಕೊಟ್ಟ ಇನ್‌ವಾಯ್ಸ್ ಬೆಲೆ ಚೀಟಿಯಲ್ಲಿ ಇರಲಿಲ್ಲವಲ್ಲ.

ಗೊತ್ತಿಲ್ಲದವರಿಗೆ ಏನಾಗುತ್ತದೆ? ಇಯಾನ್ ಏರ್ಸ್ ಮತ್ತು ಪೀಟರ್ ಸೀಗಲ್‌ಮನ್ 1995ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದಾಗ ನನಗೆ ಒಂಥರಾ ಆಯಿತು. ಷಿಕಾಗೋ ಸುತ್ತಲಿನ ಡೀಲರುಗಳ ಬಳಿಗೆ ಬಿಳಿಯರನ್ನೂ ಕರಿಯರನ್ನೂ, ಗಂಡಸರನ್ನೂ ಹೆಂಗಸರನ್ನೂ ಕಳಿಸಿ, ಒಂದೇ ಬಗೆಯ ಕಾರಿಗೆ, ಮೊದಲೇ ಕಲಿಸಿದ ಒಂದೇ ರೀತಿಯ ಮಾತಿನಲ್ಲಿ 300ಕ್ಕೂ ಹೆಚ್ಚು ಸಲ ಚೌಕಾಸಿ ಮಾಡಿಸಿದರು. ಬಿಳಿಯ ಗಂಡಸರಿಗೆ ಹೇಳಿದ ಕೊನೆಯ ಬೆಲೆಗಿಂತ ಕರಿಯ ಗಂಡಸರಿಗೆ ಹೇಳಿದ್ದು ಸರಾಸರಿ ಸುಮಾರು 1,100 ಡಾಲರ್ ಹೆಚ್ಚು. ಕರಿಯ ಹೆಂಗಸರಿಗೂ ನಾಲ್ಕುನೂರು ಡಾಲರಿನಷ್ಟು ಹೆಚ್ಚು. ಮಾತು ಒಂದೇ, ಬೆಲೆ ಬೇರೆ ಬೇರೆ. ಬಾಯಿದ್ದವನು ಬದುಕಿದ ಅನ್ನುವ ಗಾದೆ ಇಲ್ಲಿ ಕೈಕೊಟ್ಟಿತ್ತು. ನನ್ನ 800 ಡಾಲರಿಗೂ ನನ್ನ ಮೈಬಣ್ಣಕ್ಕೂ ಸಂಬಂಧವಿತ್ತೆಂದು ನಾನು ಹೇಳಲಾರೆ, ಒಂದು ಉದಾಹರಣೆಯಿಂದ ಏನೂ ಸಾಬೀತಾಗುವುದಿಲ್ಲ. ಆದರೆ ನಾಲ್ಕು ಗಂಟೆ ಗೆದ್ದೆನೆಂದುಕೊಂಡು ಕೂತಿದ್ದವನಿಗೆ ಅವತ್ತು ನಿದ್ದೆ ಬರಲಿಲ್ಲ.

ಚೌಕಾಸಿಯೇ ಬೇಡ ಅಂದವರೂ ಇದ್ದರು. ಜನರಲ್ ಮೋಟರ್ಸ್ 1990ರಲ್ಲಿ ಸ್ಯಾಟರ್ನ್ ಕಾರು ತಂದಾಗ ಎಲ್ಲರಿಗೂ ಒಂದೇ ಬೆಲೆ ಎಂಬುದೇ ಅದರ ಹೆಗ್ಗಳಿಕೆ. ಜನ ಮೆಚ್ಚಿದರು. ಆದರೆ ಕಂಪನಿಯ ಬೇರೆ ತೊಂದರೆಗಳ ನಡುವೆ 2010ರಲ್ಲಿ ಸ್ಯಾಟರ್ನ್ ಮುಚ್ಚಿಹೋಯಿತು. ಹೆಚ್ಚು ಉಪಕಾರ ಮಾಡಿದ್ದು 1990ರ ದಶಕದ ಇಂಟರ್ನೆಟ್. ಇನ್‌ವಾಯ್ಸ್ ಬೆಲೆ ಎಲ್ಲರ ಕಣ್ಣಿಗೆ ಬಿತ್ತು. ಇಂಟರ್ನೆಟ್ ಮೂಲಕ ಬೆಲೆ ಕೇಳಿ ಕೊಂಡ ಅಲ್ಪಸಂಖ್ಯಾತರು ಹೆಚ್ಚುಕಡಿಮೆ ಬಿಳಿಯರಷ್ಟೇ ಬೆಲೆ ಕೊಟ್ಟರು ಎಂದು 2003ರ ಒಂದು ಅಧ್ಯಯನ ಹೇಳಿತು.

ಇನ್ನು ನಮ್ಮ ದೇಶದ ಕಥೆ ಬೇರೆಯೇ. ಇಲ್ಲಿ ಚೌಕಾಸಿ ಮಾಡಲು ಕಾರೇ ಇರಲಿಲ್ಲ! ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಬಿಟ್ಟರೆ ಇನ್ನೊಂದಿಲ್ಲ. 1969ರಲ್ಲಿ ಸರ್ಕಾರವೇ ಬೆಲೆ ಕಟ್ಟಿತು, ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. ಬೆಲೆ ಕಾಗದದ ಮೇಲೆ ನಿಂತಿತು, ಸರದಿ ಮಾತ್ರ ವರ್ಷಗಟ್ಟಲೆ ಬೆಳೆಯಿತು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಕೈ ಕೊಟ್ಟ ಮೇಲೂ ಅಷ್ಟೆ. ಸರದಿಯಲ್ಲಿ ಮುಂದಿದ್ದವನು ತನ್ನ ಕಾರನ್ನು 'ಪ್ರೀಮಿಯಂ' ಇಟ್ಟು ಮಾರುತ್ತಿದ್ದ. 1998ರಲ್ಲಿ ಸ್ಯಾಂಟ್ರೋ, ಇಂಡಿಕಾ ಬಂದ ಮೇಲೆ ತಾನೇ ಗಿರಾಕಿಗೆ ಶೋರೂಮಿನಲ್ಲಿ ಕಾಫಿ ಸಿಕ್ಕಿದ್ದು!

ಅಮೆರಿಕಾದವರಿಗೂ 2021-22ರಲ್ಲಿ ಆ ರುಚಿ ಸಿಕ್ಕಿತು. ಚಿಪ್‌ಗಳ ಕೊರತೆಯಿಂದ ಕಾರು ಕಡಿಮೆಯಾಗಿ, ಎಷ್ಟೋ ಡೀಲರುಗಳು ಮನ್ರೋನಿ ಚೀಟಿಯ ಮೇಲೆ ಸಾವಿರಾರು ಡಾಲರ್ ಸೇರಿಸಿ ಕೇಳಿದರು. ಎಲ್ಲ ಸೇರಿದ ಪೂರ್ತಿ ಬೆಲೆಯನ್ನು ಮೊದಲೇ ಹೇಳಬೇಕೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ನಿಯಮ ತಂದರೆ, 2025ರ ಜನವರಿಯಲ್ಲಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಮನ್ರೋನಿಯ ಕೆಲಸ ಇನ್ನೂ ಮುಗಿದಿಲ್ಲ ಅನ್ನಿ.

ಮೊನ್ನೆ ಬೆಂಗಳೂರಿನಲ್ಲಿ ಅಣ್ಣನ ಮಗಳು ಕಾರು ಕೊಂಡಳು. ಚಿಕ್ಕಪ್ಪ ಅನುಭವಸ್ಥ ಅಂತ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ನಾನು ಬಾಯಿ ತೆರೆಯುವ ಸಂದರ್ಭವೇ ಬರಲಿಲ್ಲ. ಮೂರು ಡೀಲರುಗಳಿಂದ ಆನ್‌ರೋಡ್ ಬೆಲೆಯನ್ನು ಬಿಡಿಬಿಡಿಯಾಗಿ ಬರೆಸಿಕೊಂಡು ಬಂದಿದ್ದಳು. ಎಕ್ಸ್‌ಶೋರೂಮ್ ಇಷ್ಟು, ರಸ್ತೆ ತೆರಿಗೆ ಇಷ್ಟು, ಇನ್ಶೂರೆನ್ಸ್ ಇಷ್ಟು, ಮ್ಯಾಟು ಕವರುಗಳಿಗೆ ಇಷ್ಟು ಅಂತ. ಇನ್ಶೂರೆನ್ಸ್ ಇಲ್ಲೇ ಮಾಡಿಸಬೇಕು ಅಂದದ್ದಕ್ಕೆ ಹೊರಗಿನ ಕಂಪನಿಯ ದರ ತೋರಿಸಿ ಸುಮ್ಮನೆ ಕೂತಳು. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು.

ಮನೆಗೆ ಬಂದು ಅಮ್ಮನಿಗೆ ವರದಿ ಒಪ್ಪಿಸಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಅಲ್ಲವೋ, ಸೊಪ್ಪಿನವಳು ನಮ್ಮ ಬಾಗಿಲಿಗೆ ಬರುವ ಮೊದಲು ಎದುರು ಮನೆಯವರಿಗೆ ಎಷ್ಟಕ್ಕೆ ಕೊಟ್ಟಳು ಅಂತ ಕೇಳಿಕೊಂಡೇ ನಾನು ಗೇಟಿನ ಹತ್ತಿರ ನಿಲ್ಲುತ್ತಿದ್ದದ್ದು. ನೀನು ಅದನ್ನು ನೋಡೇ ಇಲ್ಲವಾ?" ಅಂದಳು.

ನಿಜವಾಗಿಯೂ ನೋಡಿರಲಿಲ್ಲ. ಅದಕ್ಕೇ 800 ಡಾಲರ್ ಫೀಸು ಕಟ್ಟಿದ್ದು. ನೀವೂ ಹೀಗೆ ಫೀಸು ಕಟ್ಟಿದ್ದರೆ ಹೇಳಿ, ನನಗೆ ಜೊತೆಯಾಗುತ್ತೆ.