ಅಳಿವೆಯ ಒಳಗೆ, ಹವಳದ ಹಿಂದೆ

ಕರಾವಳಿಯ ಹಾಯಿ ಹಡಗುಗಳಿಗೆ ಆಸರೆ ಸಿಗುತ್ತಿದ್ದದ್ದು ಹೆಚ್ಚಾಗಿ ನದಿಯೊಳಗೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಬಳಿ ಹರಿಯುವ ನೇತ್ರಾವತಿ, ಅದೇ ತಾಲೂಕಿನ ವೇಣೂರನ್ನು ಹಾದು ಬರುವ ಫಲ್ಗುಣಿ, ಎರಡೂ ಮಂಗಳೂರಿನಲ್ಲಿ ಒಂದೇ ಅಳಿವೆಯಿಂದ ಕಡಲಿಗೆ ಇಳಿಯುತ್ತವೆ. ಬೆಂಗ್ರೆ ಮತ್ತು ಉಳ್ಳಾಲದ ಮರಳುಪಟ್ಟಿಗಳ ಹಿಂದಿನ ನೀರಿಗೆ ಅಲೆಯ ಹೊಡೆತವಿಲ್ಲ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ, ಮಲಬಾರಿನ ಅತಿ ದೊಡ್ಡ ಅಳಿವೆ ಇದೇ ಎಂದು ಬರೆದ. ಯೆಮನ್, ಪರ್ಷಿಯಾದ ವರ್ತಕರು ಮೆಣಸು, ಶುಂಠಿಗಾಗಿ ಇಲ್ಲಿಳಿಯುತ್ತಿದ್ದರು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ (1430) ಜಿರಾಫೆ, ಚೀನೀ ಡ್ರ್ಯಾಗನ್ ಕೆತ್ತಿರುವುದಕ್ಕೆ ಬೇರೆ ವಿವರಣೆ ನನಗಂತೂ ಹೊಳೆಯುವುದಿಲ್ಲ.

ಬಂಟ್ವಾಳದ ಹಳೇ ಪೇಟೆ ನೇತ್ರಾವತಿ ಹೊಳೆಗೆ ಅಂಟಿಕೊಂಡೇ ಬೆಳೆದದ್ದು. ಘಟ್ಟದ ಮೇಲಿನ ಕಾಫಿ ಬಂಡಿಗಳಲ್ಲಿ ಇಲ್ಲಿಗೆ ಬಂದು, ದೋಣಿಯೇರಿ ಮಂಗಳೂರಿಗೆ ಹೋಗುತ್ತಿತ್ತು. ಅದೇ ಹೊಳೆ 1923ರಲ್ಲಿ, ಮತ್ತೆ 1974ರಲ್ಲಿ ಪೇಟೆಗೇ ನುಗ್ಗಿತು. ಮಳೆಗಾಲದಲ್ಲಿ ಹೊಳೆ ಹೊತ್ತು ತರುವ ಮರಳು ಅಳಿವೆಬಾಗಿಲಲ್ಲಿ ದಿಣ್ಣೆಯಾಗುತ್ತದೆ. ದಿಣ್ಣೆ ಪ್ರತಿ ವರ್ಷ ಜಾಗ ಬದಲಿಸುವುದರಿಂದ ನೀರಿನ ಬಣ್ಣ, ಅಲೆ ಒಡೆಯುವ ರೀತಿ ಓದಬಲ್ಲವನೇ ಹಡಗನ್ನು ಒಳಗೆ ತರಬೇಕಿತ್ತು.

ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್ ದ್ವೀಪಗಳಲ್ಲಿ ಬೇಕಿದ್ದದ್ದು ಬೇರೆಯೇ ವಿದ್ಯೆ. 1956ರವರೆಗೆ ಇವು ದಕ್ಷಿಣ ಕನ್ನಡದ ಆಡಳಿತಕ್ಕೆ ಸೇರಿದ್ದವು. ದ್ವೀಪದವರು ತೆಂಗಿನ ಹುರಿ ತಂದು ಅಕ್ಕಿ ಒಯ್ಯುತ್ತಿದ್ದರು. ಅಲ್ಲಿ ನದಿಯಿಲ್ಲ, ಆಸರೆ ಕೊಡುವುದು ಪಶ್ಚಿಮಕ್ಕಿರುವ ಹವಳದ ದಿಬ್ಬ. ಹೊರಗಿನ ಅಲೆ ದಿಬ್ಬದ ಮೇಲೆ ಒಡೆದರೆ ಒಳಗಿನ ಲಗೂನು ತಿಳಿಯಾಗಿರುತ್ತದೆ. ದಿಬ್ಬದ ಕಿರಿದಾದ ಸಂದಿಯನ್ನು ಹಗಲಲ್ಲೇ, ಬಿಸಿಲು ಬೆನ್ನಿಗಿರುವಾಗ ಹಾಯುವುದು ಕ್ಷೇಮ: ಹವಳ ಕಂದಾಗಿ, ಮರಳ ತಳ ತಿಳಿಹಸಿರಾಗಿ ಆಗ ಬೇರೆಬೇರೆಯಾಗಿ ಕಾಣುತ್ತವೆ. ಲಂಗರನ್ನು ಮರಳಿಗೇ ಬಿಡಬೇಕು. ಹವಳಕ್ಕೆ ಸಿಕ್ಕಿದ ಲಂಗರು ಮೇಲೆ ಬಾರದು, ಹವಳವೂ ಉಳಿಯದು. ಗಾಳಿ ತಿರುಗಿದಾಗ ಹಡಗು ಸುತ್ತಲು ಜಾಗ ಬಿಡುವುದನ್ನಂತೂ ಮರೆಯುವಂತಿಲ್ಲ.

20ನೇ ಶತಮಾನದಲ್ಲಿ ಹಡಗುಗಳು ದೊಡ್ಡವಾದವು, ಅಳಿವೆ ಸಾಲದಾಯಿತು. ಪಣಂಬೂರಿನಲ್ಲಿ ದಡವನ್ನೇ ಅಗೆದು, ಒಳಗೆ ಕೃತಕ ಲಗೂನು ತೋಡಿ ಕಟ್ಟಿದ ನವಮಂಗಳೂರು ಬಂದರು 1975ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಹುಡುಕುತ್ತಿದ್ದ ಆಸರೆಯನ್ನು ಕಟ್ಟುವ ಕಾಲ ಬಂತು. ಹಳೇ ಅಳಿವೆಗೂ ಕಲ್ಲಿನ ಬ್ರೇಕ್‌ವಾಟರ್‌ಗಳು ಬಂದವು. ಮೀನುಗಾರರಿಗೆ ಬಾಗಿಲು ಸುಗಮವಾಯಿತು, ಆದರೆ ತೆಂಕಣದ ಉಳ್ಳಾಲದಲ್ಲಿ ಕೊರೆತ ಹೆಚ್ಚಲು ಅವುಗಳೇ ಒಂದು ಕಾರಣ ಎಂಬ ದೂರು ನಿಂತಿಲ್ಲ. ಒಂದು ಕಡೆಯ ನೆಮ್ಮದಿಗೆ ಇನ್ನೊಂದು ಕಡೆಯ ಮನೆಗಳು ಬೆಲೆ ತೆರುವುದನ್ನು ಪ್ರಗತಿಯೆಂದು ಸುಮ್ಮನೆ ಒಪ್ಪಲಾರೆ.

ಕಟ್ಟಿದ ಬಂದರಿನ ಆಸರೆಯೂ ಗೋಡೆಯ ಒಳಗಿದ್ದವರಿಗೆ ಮಾತ್ರ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಬಯಲು ಕಡಲಲ್ಲಿದ್ದ ಟಗ್ ಕೋರಮಂಡಲ ಸಪೋರ್ಟರ್ 9 ಮೂಲ್ಕಿ ಬಂಡೆಗಳಿಗೆ ಸಿಕ್ಕಿಕೊಂಡಿತು. ಅದರಲ್ಲಿದ್ದ ಒಂಬತ್ತು ಮಂದಿಯನ್ನು ರಕ್ಷಿಸಲಾಯಿತು.

ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿ ಹಡಗುಗಳು ಇಂದಿಗೂ ಅಳಿವೆಯೊಳಗಿನ ಹಳೇ ಬಂದರಿನಿಂದಲೇ ಹೊರಡುತ್ತವೆ. ಈಗ ಅವುಗಳಿಗೆ ಎಂಜಿನ್ ಇದೆ, ಉಪಗ್ರಹದ ದಾರಿತೋರುಕ ಇದೆ. ಆದರೂ ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಸಂಚಾರ ನಿಷೇಧ. ಅಷ್ಟು ದಿನ ಅವು ಧಕ್ಕೆಯಲ್ಲೇ ತಂಗಿರುತ್ತವೆ.