ವಾರ್ತಾಸ್ವಾತಂತ್ರ್ಯದ ಸಾಧಕರು: ಶ್ರೀ ಎಸ್. ಸದಾನಂದರು

ವೃತ್ತಾಂತ ಪತ್ರಿಕೆಯನ್ನು ಓದುವವರು ಸಾಮಾನ್ಯವಾಗಿ ಅದರ ಸಂಪಾದಕರ ಹೆಸರನ್ನು ಬಲ್ಲರು. ಅದರಲ್ಲಿಯ ಸಮಾಚಾರವು ಎಲ್ಲಿಂದ, ಯಾರ ಕೈಯಿಂದ ಬಂದಿತೆಂಬುದನ್ನು ವಿಚಾರಿಸುವವರು ವಿರಳ. ಕೊಡವೆಷ್ಟು ಶುಭ್ರವಾಗಿದ್ದರೂ ಬಾವಿಯ ನೀರು ಕೆಟ್ಟಿದ್ದರೆ ಕುಡಿಯುವವರಿಗೆ ಕ್ಷೇಮವಿಲ್ಲ. ಈ ಸತ್ಯವನ್ನು ಎಳೆವಯಸ್ಸಿನಲ್ಲಿಯೇ ಕಂಡುಕೊಂಡು, ಲೇಖನಿಯೊಡನೆ ಲೆಕ್ಕದ ಪುಸ್ತಕವನ್ನೂ ಕೈಗೆತ್ತಿಕೊಂಡ ಮಹನೀಯರಲ್ಲಿ ಶ್ರೀ ಸ್ವಾಮಿನಾಥನ್ ಸದಾನಂದರು ಅಗ್ರಗಣ್ಯರು. ಅವರ ಚರಿತ್ರೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ರಾಯಿಟರ್ ಎಂಬ ಆಂಗ್ಲ ವಾರ್ತಾಸಂಸ್ಥೆಯು 1851ರಲ್ಲಿ ಲಂಡನ್ ಪಟ್ಟಣದಲ್ಲಿ ಆರಂಭವಾಗಿ, 1866ರಲ್ಲಿ ಮುಂಬಯಿಯಲ್ಲಿ ತನ್ನ ಕಚೇರಿಯನ್ನು ತೆರೆಯಿತು. ಹೊರದೇಶದ ವಾರ್ತೆಗಳಿಗೆ ನಮ್ಮ ಪತ್ರಿಕೆಗಳು ಬಹುಕಾಲ ಅದರ ತಂತಿಯನ್ನೇ ನೆಚ್ಚಿಕೊಂಡಿದ್ದವು. ದೇಶದೊಳಗಣ ಸಮಾಚಾರಕ್ಕಾಗಿ ಕೆ. ಸಿ. ರಾಯ್ ಮೊದಲಾದವರು ಕಟ್ಟಿದ ಅಸೋಸಿಯೇಟೆಡ್ ಪ್ರೆಸ್ ಆಫ್ ಇಂಡಿಯಾ ಎಂಬ ಸಂಸ್ಥೆಯೂ ಕಾಲಕ್ರಮದಲ್ಲಿ ರಾಯಿಟರಿನ ವಶವಾಯಿತು. ಹೀಗೆ ಮದರಾಸಿನಲ್ಲಿ ನಡೆದುದನ್ನು ಲಾಹೋರಿನವರು ಅರಿಯಬೇಕಾದರೂ ಪರರ ಕಣ್ಣಿನಿಂದಲೇ ನೋಡಬೇಕಾದ ದುಃಸ್ಥಿತಿ ಒದಗಿದ್ದಿತು.

1900ರಲ್ಲಿ ಜನಿಸಿದ ಸದಾನಂದರು ಮೊದಲು ಆ ಅಸೋಸಿಯೇಟೆಡ್ ಪ್ರೆಸ್ಸಿನಲ್ಲಿಯೇ ಕೆಲಸ ಕಲಿತರು. ಅನಂತರ ಪಂಡಿತ ಮೋತಿಲಾಲ ನೆಹರೂರವರು ಅಲಹಾಬಾದಿನಲ್ಲಿ ಸ್ಥಾಪಿಸಿದ್ದ ಇಂಡಿಪೆಂಡೆಂಟ್ ಪತ್ರಿಕೆಯಲ್ಲಿಯೂ ದುಡಿದರು. ವಾರ್ತೆಯು ಹೇಗೆ ಹುಟ್ಟುವುದು, ಹೇಗೆ ಹರಿಯುವುದು, ಎಲ್ಲಿ ತಡೆಯಲ್ಪಡುವುದು ಎಂಬುದನ್ನು ಒಳಗಿನಿಂದ ಬಲ್ಲವರಾದುದರಿಂದ, 1927ರಲ್ಲಿ ಅವರು ಫ್ರೀ ಪ್ರೆಸ್ ಆಫ್ ಇಂಡಿಯಾ ಎಂಬ ಸ್ವದೇಶೀ ವಾರ್ತಾಸಂಸ್ಥೆಯನ್ನು ನಡೆಯಿಸಲಾರಂಭಿಸಿದರು. ಅಂದಿನಿಂದ ಬಾತ್ಮೀದಾರರ ಸಂಬಳ, ತಂತಿಯ ವೆಚ್ಚ, ಚಂದಾದಾರ ಪತ್ರಿಕೆಗಳಿಂದ ಬರತಕ್ಕ ಬಾಕಿ, ಇವೆಲ್ಲದರ ಭಾರವೂ ಅವರ ಹೆಗಲಿಗೇರಿತು.

1930ರಲ್ಲಿ ಉಪ್ಪಿನ ಸತ್ಯಾಗ್ರಹವು ಪ್ರಾರಂಭವಾಗಲು ಸರಕಾರವು ಮುದ್ರಣ ಶಾಸನವನ್ನು ಬಿಗಿಗೊಳಿಸಿತು. ರಾಷ್ಟ್ರೀಯ ವಾರ್ತೆಗಳನ್ನು ಅಚ್ಚುಹಾಕಿದ ಪತ್ರಿಕೆಗಳಿಂದ ಜಾಮೀನು ಹಣವನ್ನು ಕೇಳುವುದೂ, ಆ ಹಣವನ್ನು ಮುಟ್ಟುಗೋಲು ಹಾಕುವುದೂ ನಡೆಯಿತು. ಸಂಪಾದಕರು ಬೆದರಿದರು. ವಾರ್ತೆಯಿದ್ದರೂ ಪ್ರಕಟಿಸುವವರಿಲ್ಲದಂತಾಗಲು, ಸದಾನಂದರು ಅದೇ ವರ್ಷ ಮುಂಬಯಿಯಲ್ಲಿ ಫ್ರೀ ಪ್ರೆಸ್ ಜರ್ನಲ್ ಎಂಬ ತಮ್ಮ ಪತ್ರಿಕೆಯನ್ನೇ ಹೊರಡಿಸಿದರು. ಮದರಾಸಿನಲ್ಲಿ 1932ರಲ್ಲಿ ವರದರಾಜುಲು ನಾಯ್ಡುರವರು ಆರಂಭಿಸಿದ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯೂ ಅವರ ಕೈಸೇರಿತು. 1934ರಲ್ಲಿ ದಿನಮಣಿ ಎಂಬ ತಮಿಳು ದಿನಪತ್ರಿಕೆಯು ಹೊರಬಿದ್ದಿತು. ಆದರೆ ಇಷ್ಟನ್ನೆಲ್ಲ ಹೊರುವಷ್ಟು ದ್ರವ್ಯಬಲವಿರಲಿಲ್ಲ. ಜಾಮೀನುಗಳು ಒಂದರ ಹಿಂದೊಂದು ಮುಟ್ಟುಗೋಲಾದವು. 1935ರಲ್ಲಿ ವಾರ್ತಾಸಂಸ್ಥೆಯು ನಿಂತುಹೋಯಿತು. ಇಂಡಿಯನ್ ಎಕ್ಸ್‌ಪ್ರೆಸ್ ರಾಮನಾಥ ಗೋಯೆಂಕಾರವರ ಪಾಲಾಯಿತು. ಮುಂಬಯಿಯ ಪತ್ರಿಕೆಯೊಂದು ಮಾತ್ರ ಅವರಲ್ಲಿ ಉಳಿಯಿತು. ಮುಂದೆ ಅದರಲ್ಲಿಯೇ ಮೈಸೂರಿನ ಆರ್. ಕೆ. ಲಕ್ಷ್ಮಣರು ವ್ಯಂಗ್ಯಚಿತ್ರ ಬರೆದರು, ಉಡುಪಿಯ ಎಂ. ವಿ. ಕಾಮತರು 1946ರಲ್ಲಿ ಬಾತ್ಮೀದಾರರಾಗಿ ಸೇರಿದರು.

ಇಲ್ಲಿಗೆ ಸದಾನಂದರ ಉದ್ಯಮವು ವ್ಯರ್ಥವಾಯಿತೆಂದು ಹೇಳಬಹುದೇ? ಹಾಗೆನ್ನಲಾಗದು. ಭಾರತೀಯರು ತಮ್ಮ ವಾರ್ತೆಯನ್ನು ತಾವೇ ಸಂಗ್ರಹಿಸಿ ಹಂಚಬಲ್ಲರೆಂಬುದು ಅದರಿಂದ ಸಿದ್ಧವಾಯಿತು. ಅವರ ಸಂಸ್ಥೆಯಲ್ಲಿ ಪಳಗಿದ ಬಿ. ಸೇನಗುಪ್ತರು 1933ರಲ್ಲಿ ಯುನೈಟೆಡ್ ಪ್ರೆಸ್ ಆಫ್ ಇಂಡಿಯಾ ಸಂಸ್ಥೆಯನ್ನು ಕಟ್ಟಿ, 1958ರವರೆಗೆ ಅದು ಬಾಳಿತು. ಒಬ್ಬನ ಸಾಹಸದ ಮೇಲೆ ನಿಂತ ಸಂಸ್ಥೆಯನ್ನು ಕೆಡವಲು ಆ ಒಬ್ಬನ ಬೊಕ್ಕಸವನ್ನು ಬರಿದುಮಾಡಿದರೆ ಸಾಕೆಂಬ ಪಾಠವನ್ನೂ ಪತ್ರಿಕಾವೃಂದವು ಕಲಿಯಿತು. ಆದಕಾರಣ 1947ನೆಯ ಆಗಸ್ಟ್ 27ರಂದು ಮದರಾಸಿನಲ್ಲಿ ಪ್ರೆಸ್ ಟ್ರಸ್ಟ್ ಆಫ್ ಇಂಡಿಯಾ ನೋಂದಣಿಯಾದಾಗ, ಪತ್ರಿಕೆಗಳೇ ಅದರ ಪಾಲುದಾರರಾದವು. ಲಾಭವನ್ನು ಯಾರೂ ಹಂಚಿಕೊಳ್ಳತಕ್ಕದ್ದಲ್ಲವೆಂದು ಕಟ್ಟಳೆಯಾಯಿತು. ಅದರ ಸ್ಥಾಪಕರಲ್ಲಿ ಹಿಂದೂ ಪತ್ರಿಕೆಯ ಕಸ್ತೂರಿ ಶ್ರೀನಿವಾಸನ್ ಮೊದಲಾದವರೊಡನೆ ಸದಾನಂದರೂ ಒಬ್ಬರು. 1949ನೆಯ ಫೆಬ್ರವರಿ 1ರಿಂದ ಆ ಸಂಸ್ಥೆಯು ಅಸೋಸಿಯೇಟೆಡ್ ಪ್ರೆಸ್ಸಿನ ಕಾರ್ಯವನ್ನೆಲ್ಲ ವಹಿಸಿಕೊಂಡಿತು.

ತಾವು ಕೆಲಸ ಕಲಿತ ಸಂಸ್ಥೆಯು ಹೀಗೆ ದೇಶದ ಸೊತ್ತಾದುದನ್ನು ಕಣ್ಣಾರೆ ಕಂಡು, ಸದಾನಂದರು 1953ರಲ್ಲಿ ಕಾಲವಾದರು. ಒಂಟಿಯಾಗಿ ತೋಡಿದ ಬಾವಿ ಅವರ ಕೈಯಲ್ಲಿ ಉಳಿಯಲಿಲ್ಲ. ಆದರೆ ನೀರಿರುವ ನೆಲೆಯನ್ನು ತೋರಿಸಿದವರು ಅವರೇ. ಹಲವರು ಕೂಡಿ ಕಟ್ಟಿದ ಬಾವಿಯಲ್ಲಿ ಇಂದಿಗೂ ನೀರು ಸೇದುತ್ತಿರುವ ನಾವು ಅವರ ಹೆಸರನ್ನು ಕೃತಜ್ಞತೆಯಿಂದ ಸ್ಮರಿಸತಕ್ಕದ್ದು.