ಡಬ್ಬಕ್ಕೆ ಸುರಿಯುವ ಮುನ್ನ

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಟ್ಟಿದ ತಾರೀಖು ತಪ್ಪಿದರೆ ಆ ಮಗು ದೊಡ್ಡದಾದ ಮೇಲೂ ಕಚೇರಿ ಕಚೇರಿ ಅಲೆಯಬೇಕು. ಈಗ ಪುಸ್ತಕದ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ತಪ್ಪನ್ನು ತಡೆಯುವ ನಿಯಮ ಅದರಲ್ಲಿ ಎಲ್ಲಿರಬೇಕು? ನಾವು ತುಂಬುವ ಪರದೆಯಲ್ಲೋ, ನಡುವಣ ತಂತ್ರಾಂಶದಲ್ಲೋ, ಡಾಟಾಬೇಸ್ ಎಂಬ ಉಗ್ರಾಣದಲ್ಲೋ?

1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸುವ ಕ್ರಮವನ್ನು ಮಂಡಿಸಿದರು. 1985ರಲ್ಲಿ ಅವರು ಸಾರಿದ ಸೂತ್ರಗಳಲ್ಲಿ ಒಂದರ ಸಾರ ಇಷ್ಟು: ಇಂಥ ನಿಯಮಗಳು ಉಗ್ರಾಣದಲ್ಲೇ ಇರಬೇಕು, ಅದನ್ನು ಬಳಸುವ ತಂತ್ರಾಂಶಗಳಲ್ಲಿ ಅಲ್ಲ.

ಸಂಸಾರ ನಡೆಸುವವರಿಗೆ ಇದರ ಮರ್ಮ ಹೊಸದಲ್ಲ. ಅಕ್ಕಿ ಅಂಗಡಿಯಿಂದ ಬರಲಿ, ತವರಿನಿಂದ ಬರಲಿ, ಡಬ್ಬಕ್ಕೆ ಸುರಿಯುವ ಮುನ್ನ ಮೊರಕ್ಕೆ ಹಾಕಿ ಕೇರುತ್ತೇವೆ. ಮಾಹಿತಿಯೂ ಒಂದೇ ಪರದೆಯಿಂದ ಬರುವುದಿಲ್ಲ. ಹಳೆಯ ಪಟ್ಟಿಗಳನ್ನು ಒಟ್ಟಿಗೆ ಸುರಿಯುವವರಿರುತ್ತಾರೆ, ಇನ್ನೊಂದು ತಂತ್ರಾಂಶವೂ ಬರೆಯುತ್ತದೆ.

ಆದರೂ ಎಲ್ಲ ಉಗ್ರಾಣಗಳೂ ಈ ಮಾತನ್ನು ಒಡನೆ ಕೇಳಲಿಲ್ಲ. 1995ರಲ್ಲಿ ಹುಟ್ಟಿ ಲೋಕವೆಲ್ಲ ಹರಡಿದ ಮೈಎಸ್‌ಕ್ಯೂಎಲ್, ‘ಅಂಕ 100ನ್ನು ಮೀರಬಾರದು’ ಎಂಬಂಥ ನಿಯಮ ಬರೆದರೆ ಒಪ್ಪಿಕೊಳ್ಳುತ್ತಿತ್ತು, ಪಾಲಿಸುತ್ತಿರಲಿಲ್ಲ! ನನ್ನ ತರಗತಿಯಲ್ಲಿ ‘ಹೂಂ ಮಿಸ್’ ಎಂದು ಹೇಳಿ ಹೋಂವರ್ಕ್ ಮಾಡದೆ ಬರುವ ಹುಡುಗನಂತೆ. ಅದು ಪಾಲಿಸತೊಡಗಿದ್ದು 2019ರಲ್ಲಿ.

ಹಾಗೆಂದು ಪರದೆಯ ಎಚ್ಚರಿಕೆ ಬೇಡವೆಂದಲ್ಲ. ತುಂಬುವವರಿಗೆ ತಪ್ಪನ್ನು ಅಲ್ಲೇ ತಿಳಿಸುವುದು ಉಪಕಾರ. ಒಂದನೇ ತರಗತಿಗೆ ಎಷ್ಟು ವಯಸ್ಸು ಎಂಬಂತೆ ಆಗಾಗ ಬದಲಾಗುವ ನಿಯಮ ನಡುವಣ ತಂತ್ರಾಂಶದಲ್ಲಿರಲಿ. ಆದರೆ ಮಗು ಹುಟ್ಟುವ ಮೊದಲೇ ಶಾಲೆಗೆ ಸೇರಿತೆಂಬ ದಾಖಲೆಯನ್ನು ಉಗ್ರಾಣ ಯಾವ ಕಾಲಕ್ಕೂ ಒಳಗೆ ಬಿಡಬಾರದು.